ಟಾಮಿಯ ಪಾಲಿನ ಬನ್ನಿ

ಮನೆಯಲ್ಲಿ ತನ್ನ ಸ್ಥಾನ ಎಷ್ಟನೆಯದು ಎಂಬುದು ಗಂಡಸಿಗೆ ಹಬ್ಬದ ಬಟ್ಟೆ ತರುವ ದಿನ ತಿಳಿಯುತ್ತದೆ. ನನಗೆ ಈ ದಸರೆಯಲ್ಲಿ ತಿಳಿಯಿತು. ಹೆಂಡತಿ ಗಿರಿಜಾ ಪೇಟೆಯಿಂದ ತಂದ ಚೀಲದಿಂದ ಮೊದಲು ಅವಳ ಸೀರೆ ಹೊರಬಂತು. ಆಮೇಲೆ ಜರಿಯ ಅಂಚಿನ ಕೆಂಪು ಕರವಸ್ತ್ರವೊಂದು, ತಳದಲ್ಲಿ ಎರಡು ಬನಿಯನ್. ಕರವಸ್ತ್ರ ನನಗಿರಬೇಕೆಂದು ಕೈಚಾಚಿದೆ. "ಅದು ಟಾಮೀದ್ರಿ, ಕೊರಳಿಗೆ ಕಟ್ಟಾಕ. ನಿಮ್ಮವು ಬನೇನು," ಎಂದಳು. ನಾಯಿಗೆ ಜರಿ ಯಾಕೆ ಎಂದು ಕೇಳಿದ್ದಕ್ಕೆ, "ಹಬ್ಬ ನಮಗಷ್ಟ ಏನ್ರಿ? ಅದೂ ಮನಿ ಮಂದೀನ ಅಲ್ಲೇನು?" ಎಂದು ಒಳಗೆ ಹೋದಳು. ಬನಿಯನ್ ಒಂದು ಅಳತೆ ದೊಡ್ಡದಿತ್ತು. ಟಾಮಿಯ ಕರವಸ್ತ್ರ ಮಾತ್ರ ಅಳತೆ ತೆಗೆದು ಹೊಲಿಸಿದಂತೆ ಕೂತಿತು.

ನಾನು ಸಿಡುಕಲು ಬೇರೆ ಕಾರಣವೂ ಇತ್ತು. ಬಂಗೂರನಗರದಲ್ಲಿ ನಮ್ಮ ಎದುರು ಮನೆಯ ಪಾಟೀಲರು ಮತ್ತು ನಾನು ಕಾಗದದ ಕಾರ್ಖಾನೆಯಲ್ಲಿ ಒಟ್ಟಿಗೆ ದುಡಿದವರು. ನಿವೃತ್ತರಾದ ಮೇಲೆ ಬೆಳಗಿನ ತಿರುಗಾಟ, ಚಹಾ, ಊರ ಸುದ್ದಿ ಎಲ್ಲವೂ ಜೊತೆಯಲ್ಲೇ. ಈ ಬೇಸಿಗೆಯಲ್ಲಿ ಅವರ ಮನೆಯವರು ಅಂಗಳದಲ್ಲಿ ಒಣಹಾಕಿದ್ದ ಹಪ್ಪಳದ ಮೇಲೆ ಟಾಮಿ ಆ ತುದಿಯಿಂದ ಈ ತುದಿಗೆ ನಡೆದುಬಂತು. ಪಾಟೀಲರು ಗೇಟಿಗೆ ಬಂದು, "ನೀವು ನಾಯಿ ಸಾಕಿಲ್ಲ ಬಿಡ್ರಿ, ನಾಯೀನ ನಿಮ್ಮನ್ನ ಸಾಕೇತಿ," ಎಂದರು. ಸುಳ್ಳಾಗಿದ್ದರೆ ನಕ್ಕುಬಿಡುತ್ತಿದ್ದೆ. ನಿಜವಾದ್ದರಿಂದ ಮಾತು ಬಿಟ್ಟೆ. ಅಂದಿನಿಂದ ಕಾಳಿ ನದಿಯ ಕಡೆ ಒಬ್ಬನೇ ಹೋಗುತ್ತಿದ್ದೆ. ಜೊತೆಗಾರನಿಲ್ಲದ ಚಹಾ ಎಷ್ಟು ಸಪ್ಪೆಯೆಂದು ಕುಡಿದವರಿಗೇ ಗೊತ್ತು. ಆದರೂ ಮೊದಲು ಮಾತಾಡಬೇಕಾದವರು ಅವರು ಎಂದು ಹಟ ಹಿಡಿದಿದ್ದೆ. ಅವರೂ ಹಾಗೆಯೇ ಹಿಡಿದಿದ್ದರು.

ದಸರೆಯ ಸಂಜೆ ಬನ್ನಿ ಎಲೆಯನ್ನು ಬಂಗಾರವೆಂದು ಹಂಚುವುದು ನಮ್ಮ ಕಡೆಯ ಪದ್ಧತಿ. ಎಷ್ಟೇ ಮುನಿಸಿದ್ದರೂ ಅಂದು ಕೊಟ್ಟ ಬನ್ನಿಯನ್ನು ಬೇಡವೆನ್ನುವಂತಿಲ್ಲ. "ಪಾಟೀಲರ ಮನಿಗೆ ಹೋಗಿ ಕೊಟ್ಟು ಬರ್ರಿ," ಎಂದು ಗಿರಿಜಾ ಹೇಳಿದಳು. ನಾನು ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದೆ. ಅವಳು ಉಸ್ಸೆಂದು, ಟಾಮಿಯ ಪಾಲಿನ ಬನ್ನಿಯನ್ನು ಅದರ ಕರವಸ್ತ್ರದ ಗಂಟಿಗೆ ಸಿಕ್ಕಿಸಿದಳು. ಟಾಮಿ ಬಾಗಿಲು ದಾಟಿ ಓಡಿತು.

ಸ್ವಲ್ಪ ಹೊತ್ತಿನಲ್ಲಿ ಪಾಟೀಲರೇ ನಮ್ಮ ಬಾಗಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಬನ್ನಿ, ಇನ್ನೊಂದರಲ್ಲಿ ಬಿಸ್ಕತ್ತಿನ ಪೊಟ್ಟಣ. ಹಿಂದೆ ಬಾಲ ಅಲ್ಲಾಡಿಸುತ್ತ ಟಾಮಿ. ಹಳೆಯ ರೂಢಿಯಂತೆ ರೊಟ್ಟಿಯ ಚೂರಿಗಾಗಿ ಅದು ನೆಟ್ಟಗೆ ಅವರ ಪಡಸಾಲೆಗೆ ಹೋಗಿತ್ತು. ನಮ್ಮ ಜಗಳದ ಸುದ್ದಿಯನ್ನು ಅದಕ್ಕೆ ಯಾರೂ ಹೇಳಿರಲಿಲ್ಲ.

"ಕೊರಳಾಗ ಬನ್ನಿ ಕಟ್ಟಿ ಕಳಿಸೀರಿ. ನೋಡಿ ನನಗ ಕಣ್ಣಾಗ ನೀರ ಬಂತ್ರಿ," ಎಂದರು ಪಾಟೀಲರು. "ಬಿಸ್ಕೀಟು ಟಾಮಿಗೆ. ಬನ್ನಿ ನಿಮಗ. ಬಂಗಾರಧಂಗ ಇರೂಣು." ಆಮೇಲೆ ದನಿ ತಗ್ಗಿಸಿ ಕೇಳಿದರು: "ನೀವ ಕಳಿಸಿದ್ದು, ಹೌದಲ್ರಿ?"

ಗಿರಿಜಾ ಅಡುಗೆಮನೆಯ ಬಾಗಿಲಿಗೆ ಬಂದು ನನ್ನನ್ನೇ ನೋಡಿದಳು. "ಹೌದ್ರಿ, ನಾನ ಕಳಿಸಿದ್ದೆ," ಎಂದು ಅವರನ್ನು ಅಪ್ಪಿಕೊಂಡೆ. ಅವಳು ಒಳಗೆ ಹೋಗಿ ಚಹಾಕ್ಕಿಟ್ಟಳು. ಆ ಸಂಜೆ ನನ್ನ ಗೆಳೆಯ ನನಗೆ ತಿರುಗಿ ಸಿಕ್ಕ. ಅದಕ್ಕೆ ಜರಿಯ ಕರವಸ್ತ್ರ ಏನೇನೂ ಹೆಚ್ಚಲ್ಲ ಎಂದು ಈಗ ಮನಸಾರೆ ಒಪ್ಪುತ್ತೇನೆ.

ಮರುದಿನ ಬೆಳಿಗ್ಗೆ ಚಹಾದಂಗಡಿಯಲ್ಲಿ ಪಾಟೀಲರು ಎಲ್ಲರೆದುರು ನನ್ನ ದೊಡ್ಡ ಮನಸ್ಸನ್ನು ಹೊಗಳಿದರು. ತಾನೇ ಮೊದಲು ಕೈ ಮುಂದೆ ಮಾಡಿದ ಮನುಷ್ಯ ಎಂದರು. ಬೆಂಚಿನ ಕೆಳಗಿದ್ದ ಟಾಮಿ ತಲೆಯೆತ್ತಿ ನನ್ನನ್ನು ನೋಡಿತು. ನಾನು ವಿನಯದಿಂದ ತಲೆಯಾಡಿಸುತ್ತ ಚಹಾ ಕುಡಿದೆ. ಟಾಮಿಗೆ ಮಾತು ಬರುವುದಿಲ್ಲವಲ್ಲ, ಆ ಉಪಕಾರಕ್ಕೂ ನಾನು ಅದಕ್ಕೆ ಋಣಿ.