ಡಾಕ್ಟರರ ಹೆಂಡತಿಯ ದವಡೆ ಹಲ್ಲು

ಎದುರು ಸಾಲಿನಲ್ಲಿ ಗಾಜಿನ ಬಾಗಿಲಿನ ಹೊಸ ಹಲ್ಲಿನ ಕ್ಲಿನಿಕ್ ತೆರೆದ ದಿನದಿಂದ ನಮ್ಮ ಹಲ್ಲಿನ ಡಾಕ್ಟರರ ನಿದ್ದೆ ಹಾರಿಹೋಯಿತು. ನಿದ್ದೆ ಹೋದರೆ ಹೋಗಲಿ, ಕೈ ನಡುಗತೊಡಗಿತು. ಬೇರೆ ಉದ್ಯೋಗದವರಾದರೆ ನಡುಗುವ ಕೈಯನ್ನು ಜೇಬಿಗೆ ಹಾಕಿಕೊಂಡು ಓಡಾಡಬಹುದು. ಇವರು ಇನ್ನೊಬ್ಬರ ಬಾಯಿಗೆ ಹಾಕಬೇಕು. ಹೀಗೇ ಆದರೆ ಕ್ಲಿನಿಕ್ಕಿಗೆ ಬೀಗವೇ ಗತಿ ಎಂದು ಹೆದರಿ, ಮನೋವೈದ್ಯೆಯಾದ ಅಕ್ಕನ ಬಳಿಗೆ ಹೋದರು.

"ಕೈಗೇನೂ ಆಗಿಲ್ಲ ಕಣೋ, ಮನಸ್ಸಿಗೆ ಗಾಬರಿ. ದಿನಾ ಸಂಜೆ ಕೂತು ಚಿತ್ರ ಬರಿ," ಅಂದಳು ಅಕ್ಕ. "ಚೆನ್ನಾಗಿ ಬರಬೇಕು ಅಂತೇನಿಲ್ಲ."

ಕೊನೆಯ ಮಾತು ಡಾಕ್ಟರರಿಗೆ ಕೇಳಿಸಲಿಲ್ಲ. (ಹೊಗಳಿಕೆಯಲ್ಲದ ಮಾತಿಗೆ ಅವರ ಕಿವಿ ಸ್ವಲ್ಪ ಮಂದ.) ಬಣ್ಣ ಬಂತು, ಕುಂಚ ಬಂತು, ಊಟದ ಮೇಜು ಕಲಾಮಂದಿರವಾಯಿತು. ಮನೆಯವರು ತಟ್ಟೆ ಹಿಡಿದು ನಿಂತೇ ಉಣ್ಣತೊಡಗಿದರು. ರೂಪದರ್ಶಿಯ ಪದವಿ ಹೆಂಡತಿಗೆ ದಕ್ಕಿತು.

"ಬಾಯಿ ತೆಗಿ."

"ಚಿತ್ರಕ್ಕೆ ಯಾಕ್ರೀ ಬಾಯಿ?"

"ನಗು ಬರಬೇಕಲ್ಲ. ಇನ್ನೂ ದೊಡ್ಡದಾಗಿ. ಹಾಂ, ಹಾಗೇ ಇರು."

"ರೀ, ಹಿಂದಿನ ಹಲ್ಲು ನೋಯ್ತಿದೆ ಅಂತ ಎಷ್ಟು ದಿನದಿಂದ ಹೇಳ್ತಿದ್ದೀನಿ. ಹೇಗೂ ಬಾಯಿ ತೆಗೆದಿದ್ದೀನಿ, ಒಂಚೂರು ನೋಡಿ."

"ಕಲೆ ಮಧ್ಯೆ ಕಸುಬಿನ ಮಾತು ತರಬೇಡ. ಆಮೇಲೆ ನೋಡೋಣ."

ಕಣ್ಣು, ಮೂಗು ಹೇಗೋ ಅಂದಾಜಿನ ಮೇಲೆ ಬಂದವು. ಹಲ್ಲಿಗೆ ಬಂದಾಗ ಮಾತ್ರ ಕುಂಚ ತಾನಾಗಿಯೇ ಓಡಿತು. ಚಿತ್ರ ಮುಗಿಯುವಷ್ಟರಲ್ಲಿ ನಡುಕ ಮಾಯವಾಗಿತ್ತು. ಡಾಕ್ಟರರು ತುಂಬಿದ ಲೋಟವನ್ನು ಅಂಗೈ ಮೇಲಿಟ್ಟುಕೊಂಡು ಮನೆಯೆಲ್ಲ ಸುತ್ತಿ ತೋರಿಸಿದರು. ಇಂಥ ದಿವ್ಯೌಷಧಿಯಿಂದ ರೋಗಿಗಳ ಭಯವೂ ಹೋಗಲಿ ಎಂದು, ಆ ಮಹಾನ್ ಕೃತಿಯನ್ನು ಕ್ಲಿನಿಕ್ಕಿನ ಹೊರಕೋಣೆಯಲ್ಲಿ ತೂಗುಹಾಕಿದರು.

ಮರುದಿನ ಮೊದಲು ಬಂದವರು ಕೆನ್ನೆ ಊದಿದ್ದ ನಿವೃತ್ತ ಮೇಷ್ಟ್ರು. ಚಿತ್ರದ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡರು.

"ಇವರು ಯಾರಮ್ಮ?"

"ಡಾಕ್ಟರ ಮನೆಯವರು ಸರ್," ಅಂದಳು ಚೀಟಿ ಕೊಡುವ ಹುಡುಗಿ.

"ಸ್ವಂತ ಹೆಂಡತಿ ಹಲ್ಲೇ ಹೀಗೆ ಹುಳುಕಾಗಿದೆಯಲ್ಲಮ್ಮ," ಎಂದು ಕೆನ್ನೆ ಒತ್ತಿಕೊಂಡು ಹೊರಟೇಬಿಟ್ಟರು. ಬೆಂಚಿನ ಮೇಲಿದ್ದವರೂ ಒಬ್ಬೊಬ್ಬರಾಗಿ ಎದ್ದು ನೋಡಿ, ರಸ್ತೆ ದಾಟಿದರು.

ಹೊರಗೆ ಬಂದ ಡಾಕ್ಟರರಿಗೆ ಕಂಡದ್ದು ಖಾಲಿ ಬೆಂಚು. ಗೋಡೆಯ ಮೇಲೆ ಎಡಗಡೆಯ ಕೊನೆಯ ದವಡೆ ಹಲ್ಲು, ಅದರಲ್ಲೊಂದು ಕಪ್ಪು ಕುಳಿ. ಕಣ್ಣು ನೋಡಿದ್ದನ್ನು ಕೈ ಬರೆದಿತ್ತು, ಗಂಡನಿಗೆ ಮಾತ್ರ ಗೊತ್ತಾಗಿರಲಿಲ್ಲ. ಅವರಿಗೆ ನಿಜಕ್ಕೂ ನಾಚಿಕೆಯಾಯಿತು. ಈಗಲೇ ಅವಳನ್ನು ಕರೆಸಿ ಕುರ್ಚಿಯಲ್ಲಿ ಕೂರಿಸಬೇಕು ಎಂದುಕೊಳ್ಳುವಷ್ಟರಲ್ಲಿ ಎದುರಿನ ಗಾಜಿನ ಬಾಗಿಲು ತೆರೆದುಕೊಂಡು ಹೆಂಡತಿಯೇ ಹೊರಬಂದು, ರಸ್ತೆ ದಾಟಿ ಒಳಗೆ ಬಂದಳು.

"ಅಲ್ಲಿಗೆ ಹೋಗಿದ್ದೆಯಾ?"

"ಹೂಂ. ಯಾವ ಹಲ್ಲು ಅಂತ ಕೇಳಿದ್ರು, ಫೋನಲ್ಲಿ ನಿಮ್ಮ ಚಿತ್ರ ತೋರಿಸಿದೆ. ಬರೆದವರಿಗೆ ಹಲ್ಲಿನ ಬಗ್ಗೆ ಒಳ್ಳೇ ಜ್ಞಾನ ಇದೆ, ಅವರು ಯಾರು ಅಂದ್ರು."

"ನೀನು ಏನಂದೆ?"

"ಯಾರೋ ಕಲಾವಿದರು ಅಂದೆ." ಅವಳು ಬ್ಯಾಗು ಕೆಳಗಿಟ್ಟು ಗೋಡೆಯ ಕಡೆ ಕೈ ತೋರಿಸಿದಳು. "ನನ್ನ ಹಲ್ಲು ಅವರು ತುಂಬಿದ್ರು. ಇದನ್ನಾದರೂ ನೀವು ತುಂಬಿ."

ಡಾಕ್ಟರರು ಸ್ಟೂಲು ಹತ್ತಿ, ಬಿಳಿ ಬಣ್ಣದಲ್ಲಿ ಕುಂಚ ಅದ್ದಿದರು. ಕೈ ಒಂದಿಷ್ಟೂ ನಡುಗಲಿಲ್ಲ. ಆ ವಾರ ಅವರು ತುಂಬಿದ ಹಲ್ಲು ಅದೊಂದೇ.