ಮಾಮು ತಟ್ಟಿ ನೋಡಿದ ಗೋಡೆಗಳು

ನಮ್ಮ ಮಾಮು ಸ್ಕಾಟ್ಲೆಂಡಿನ ಏಳು ಕೋಟೆ, ನಾಲ್ಕು ಜಮೀನ್ದಾರಿ ಬಂಗಲೆಗಳನ್ನು ನೋಡಿ ಬಂದಿದ್ದಾರೆ. ಅಲ್ಲಿ ಆಳಿದ ಒಬ್ಬ ರಾಜನ ಹೆಸರು ಕೇಳಿ ನೋಡಿ, ಗೊತ್ತಿಲ್ಲ! ರಾಣಿಯರದ್ದು? ಅದೂ ಗೊತ್ತಿಲ್ಲ. ಆದರೆ ಯಾವ ಕೋಟೆಯ ಯಾವ ಮೂಲೆಯಲ್ಲಿ ಗಾರೆ ಉದುರುತ್ತಿದೆ, ಯಾವ ಬಂಗಲೆಯ ಊಟದ ಕೋಣೆಯ ಗೋಡೆ ತೇವ ಹೊಡೆಯುತ್ತಿದೆ ಎಂದು ಕೇಳಿ. ಬೆರಳು ಮಡಿಸುತ್ತಾ ಒಂದೊಂದಾಗಿ ಹೇಳಿಬಿಡುತ್ತಾರೆ.

ಮಾಮು ಎಂದರೆ ನಮ್ಮ ಅಮ್ಮಿಯ ಅಣ್ಣ. ದೇವನಹಳ್ಳಿಯ ಸುತ್ತಮುತ್ತ ಐವತ್ತು ವರ್ಷ ಗಾರೆ ಮೇಸ್ತ್ರಿಯಾಗಿದ್ದು, ಮಂಡಿ ನೋವು ಹೆಚ್ಚಾದ ಮೇಲೆ ಕೆಲಸ ಬಿಟ್ಟವರು. ಕೆಲಸ ಬಿಟ್ಟರೇ ಹೊರತು ಗೋಡೆಗಳನ್ನು ಬಿಡಲಿಲ್ಲ. ಯಾರ ಮನೆಗೆ ಹೋದರೂ ಮೊದಲು ಬೆರಳ ಗೆಣ್ಣಿನಿಂದ ಗೋಡೆಯನ್ನು ಟಕ್ ಟಕ್ ಎಂದು ತಟ್ಟಿ, ಕಿವಿಗೊಟ್ಟು ಕೇಳಿ, ಆಮೇಲೆಯೇ ಮನೆಯವರಿಗೆ ಸಲಾಂ. ನನಗೆ ಗಂಡು ನೋಡಲು ಹೋದಾಗಲೂ ಹೀಗೇ ಆಯಿತಂತೆ. ವಾಪಸು ಬಂದವರನ್ನು ಅಮ್ಮಿ "ಹುಡುಗ ಹೇಗಿದ್ದಾನೆ?" ಎಂದು ಕೇಳಿದರೆ, "ಪ್ಲಾಸ್ಟರಿಂಗು ಚೆನ್ನಾಗಿದೆ" ಎಂದರಂತೆ. ಆ ಪ್ಲಾಸ್ಟರಿಂಗಿನ ಭರವಸೆಯ ಮೇಲೆ ನನ್ನ ನಿಕಾಹ್ ನಡೆದುಹೋಯಿತು!

ಮನೆಯಲ್ಲಿ ನಾವು ಆಡುವುದು ದಖನಿ ಉರ್ದು. ಆದರೆ ಎರಡು ಕೆಲಸಕ್ಕೆ ಮಾಮುವಿಗೆ ಕನ್ನಡವೇ ಆಗಬೇಕು: ಬೈಯುವುದಕ್ಕೆ ಮತ್ತು ಗೋಡೆಯ ವಿಷಯ ಮಾತಾಡುವುದಕ್ಕೆ. ಹನ್ನೊಂದು ದಿನದ ಪ್ರವಾಸದಲ್ಲಿ ಅವರು ಹೆಚ್ಚುಕಡಿಮೆ ಕನ್ನಡವನ್ನೇ ಆಡಿದರು ಎಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುವವಳು. ಯುರೋಪಿನ ಕೋಟೆಗಳನ್ನು ಪುಸ್ತಕದಲ್ಲಿ ನೋಡಿ ನೋಡಿ, ಒಮ್ಮೆಯಾದರೂ ಕಣ್ಣಾರೆ ನೋಡಬೇಕು ಎಂದು ಆಸೆ ಬೆಳೆಸಿಕೊಂಡಿದ್ದೆ. ನನ್ನ ಗಂಡ, "ಕಲ್ಲು ನೋಡೋಕೆ ಅಷ್ಟು ದೂರ ಯಾಕೆ? ನಂದಿ ಬೆಟ್ಟ ಇಲ್ಲೇ ಇದೆಯಲ್ಲ" ಎಂದು ಜಾರಿಕೊಂಡರು. ಒಬ್ಬಳೇ ಹೋಗಬೇಡ ಎಂದು ಅಮ್ಮಿಯ ಹಟ. ಮೆಕ್ಕಾಗೆ ಉಮ್ರಾ ಯಾತ್ರೆ ಹೋಗಿ ಬಂದಿದ್ದ ಮಾಮುವಿನ ಹತ್ತಿರ ಪಾಸ್‌ಪೋರ್ಟ್ ಇತ್ತು. ಕೇಳಿದ್ದಕ್ಕೆ ಅವರು, "ಕೋಟೆನಾ? ಯಾವ ಗಾರೇಲಿ ಕಟ್ಟಿದ್ದಾರೆ?" ಎಂದರು. "ಸುಣ್ಣದ ಗಾರೆ ಇರಬೇಕು ಮಾಮು, ಆಗ ಸಿಮೆಂಟು ಎಲ್ಲಿತ್ತು?" ಎಂದೆ. "ಹಾಗಾದ್ರೆ ಬರ್ತೀನಿ" ಎಂದರು. ಕನ್ನಡದವರದೇ ಒಂದು ಟೂರ್ ತಂಡದಲ್ಲಿ ಇಬ್ಬರ ಹೆಸರೂ ಬರೆಸಿದೆ.

ಮೊದಲ ಗಂಡಾಂತರ ನಮ್ಮ ತಾಲ್ಲೂಕಿನಲ್ಲೇ ಕಾದಿತ್ತು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮಾಮುವಿನ ಕೈಚೀಲ ತಡೆದರು. ಒಳಗೆ ಏನೋ ಚೂಪಾದ ಹಿತ್ತಾಳೆಯ ವಸ್ತು.

"ಏನಿದು ಅಜ್ಜಾ?" ಎಂದು ಅಧಿಕಾರಿ ಕೇಳಿದರು.

ಮಾಮು ಹೆಮ್ಮೆಯಿಂದ, ಹಿಂದಿನ ಸಾಲಿಗೂ ಕೇಳಿಸುವಂತೆ ಹೇಳಿದರು: "ಗುಂಡು ಸಾರ್!"

ನನ್ನ ಹಿಂದಿದ್ದ ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದರು. "ತೂಕದ ಗುಂಡು ಸಾರ್, ತೂಕದ ಗುಂಡು! ಗೋಡೆ ನೆಟ್ಟಗಿದೆಯಾ ಅಂತ ನೋಡೋದು!" ಎಂದು ನಾನು ಕೂಗಿಕೊಂಡೆ. ಅಧಿಕಾರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನಗುತ್ತಾ, "ಲಗೇಜಿಗೆ ಹಾಕ್ಬೇಕಿತ್ತು ಅಜ್ಜಾ, ಕೈಚೀಲದಲ್ಲಿ ಬಿಡಲ್ಲ" ಎಂದು ತೆಗೆದಿಟ್ಟುಕೊಂಡರು. ವಿಮಾನ ಹತ್ತಿದ ಮೇಲೂ ಮಾಮು ಸಿಟ್ಟಾಗಿಯೇ ಇದ್ದರು. ಆದರೆ ಮೇಸ್ತ್ರಿ ಸುಮ್ಮನಿರುತ್ತಾರೆಯೇ? ಮೊದಲ ಕೋಟೆ ಬರುವಷ್ಟರಲ್ಲಿ ಮಫ್ಲರಿನಿಂದ ದಾರ ಎಳೆದು, ಅದಕ್ಕೆ ನನ್ನ ಸೂಟ್‌ಕೇಸಿನ ಬೀಗ ಕಟ್ಟಿ ಹೊಸ ತೂಕದ ಗುಂಡು ತಯಾರಿಸಿದ್ದರು. ನನ್ನ ಸೂಟ್‌ಕೇಸು ಇಡೀ ಸ್ಕಾಟ್ಲೆಂಡನ್ನು ಬೀಗವಿಲ್ಲದೆ ಸುತ್ತಿತು.

ಆ ಕೋಟೆ ಗುಡ್ಡದ ನೆತ್ತಿಯಲ್ಲಿತ್ತು. ಗೈಡ್ ಹೆಂಗಸು ಮುತ್ತಿಗೆಯ ಕಥೆ ಹೇಳುತ್ತಿದ್ದಳು. ಶತ್ರುಗಳು ಯಾವ ಕಡೆಯಿಂದ ಹತ್ತಿದರು, ಒಳಗಿನವರು ಎಷ್ಟು ದಿನ ಹಸಿದುಕೊಂಡಿದ್ದರು ಎಂದೆಲ್ಲ. ನನಗೆ ಮೈ ಜುಮ್ಮೆನ್ನುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಮಾಮುವಿನ ದನಿ: "ಒಂದೂವರೆ ಇಂಚು ಔಟು!"

ಬೀಗ ಗೋಡೆಯ ಪಕ್ಕ ತೂಗಾಡುತ್ತಿತ್ತು. ಅವರು ಏನು ಹೇಳುತ್ತಿದ್ದಾರೆ ಎಂದು ಗೈಡ್ ಕೇಳಿದಳು. "ಕೋಟೆ ಬಹಳ ಭವ್ಯವಾಗಿದೆ ಅನ್ನುತ್ತಿದ್ದಾರೆ" ಎಂದು ನಾನು ಹಸಿ ಸುಳ್ಳು ಹೇಳಿದೆ. ಅವಳಿಗೆ ಬೀಗ ಕಾಣುತ್ತಿತ್ತಲ್ಲ! ಹತ್ತಿರ ಬಂದು ನೋಡಿ, "ಇವರು ಸರಿಯಾಗಿ ಹಿಡಿದರು. ಈ ಗೋಡೆ ವಾಲುತ್ತಿದೆ, ನಮ್ಮ ಎಂಜಿನಿಯರುಗಳು ಅಳೆಯುತ್ತಿದ್ದಾರೆ" ಎಂದಳು. ನಾನು ಅದನ್ನು ಕನ್ನಡಕ್ಕೆ ತಂದು ಹೇಳಿದ್ದೇ ದೊಡ್ಡ ತಪ್ಪಾಯಿತು. ಅಲ್ಲಿಂದ ಮುಂದೆ ಮಾಮುವನ್ನು ಹಿಡಿಯುವವರೇ ಇರಲಿಲ್ಲ.

ಮೂರನೆಯ ದಿನ ಒಂದು ಜಮೀನ್ದಾರಿ ಬಂಗಲೆ. ನೂರಾರು ಕೋಣೆ, ಗೋಡೆ ತುಂಬ ಪೂರ್ವಿಕರ ಚಿತ್ರ, ಮಲಗುವ ಕೋಣೆಯಲ್ಲಿ ನೆಲದವರೆಗೆ ಇಳಿಬಿದ್ದ ಕಸೂತಿಯ ಪರದೆ. ಅದರಲ್ಲಿ ಜಿಂಕೆ ಬೇಟೆಯ ದೃಶ್ಯ. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದಾಗ ಮಾಮು ಹಗ್ಗ ದಾಟಿ, ಪರದೆಯ ಹಿಂದೆ ಕೈ ತೂರಿಸಿ, "ನೋಡಿದ್ಯಾ! ಗೋಡೆ ಒದ್ದೆ! ಅದನ್ನ ಮುಚ್ಚೋಕೆ ಪರದೆ ಬಿಟ್ಟಿದ್ದಾರೆ!" ಎಂದರು. ತಕ್ಷಣ ಎಲ್ಲೋ ಗಂಟೆ ಹೊಡೆದುಕೊಳ್ಳತೊಡಗಿತು. ಕಾವಲಿನವರು ಇಬ್ಬರು ಓಡಿಬಂದರು. ನಮ್ಮ ಟೂರ್ ಮ್ಯಾನೇಜರ್, ಪಾಪ, ಬೆವರು ಒರೆಸಿಕೊಳ್ಳುತ್ತಾ ಅವರ ಕ್ಷಮೆ ಕೇಳಿ, ಮಾಮುವಿಗೆ ಕೈ ಮುಗಿದರು.

"ಅಂಕಲ್, ದಯವಿಟ್ಟು ಏನನ್ನೂ ಮುಟ್ಟಬೇಡಿ. ಬರೀ ನೋಡಿ."

"ಮುಟ್ಟದೆ ಗೋಡೆ ನೋಡೋಕೆ ಇದೇನು ಸಿನಿಮಾನಾ ಗುರು?" ಎಂದರು ಮಾಮು.

ಬಸ್ಸಿನಲ್ಲಿ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಎಷ್ಟೋ ವರ್ಷ ಆಸೆಪಟ್ಟು ಬಂದವಳು ನಾನು; ಒಂದು ಕಡೆಯೂ ನಿಂತು ಕಣ್ತುಂಬ ನೋಡಲಾಗಿರಲಿಲ್ಲ. ಒಂದು ಕಿವಿ ಗೈಡ್ ಕಡೆ, ಇನ್ನೊಂದು ಮಾಮು ತಟ್ಟುವ ಸದ್ದಿನ ಕಡೆ. ಕೊನೆಯ ಕೋಟೆ ಬಂದಾಗ ನನ್ನ ತಾಳ್ಮೆ ಮುಗಿದಿತ್ತು. ಅದು ಸರೋವರದ ದಡದ ಕೋಟೆ, ನಾನು ಹುಡುಗಿಯಾಗಿದ್ದಾಗಿಂದ ಕನಸು ಕಂಡಿದ್ದು. ಹೊರಗಿನ ಬೆಂಚಿನ ಮೇಲೆ ಅವರನ್ನು ಕೂರಿಸಿ ಹೇಳಿದೆ:

"ಮಾಮು, ನೀವು ಇಲ್ಲೇ ಕೂತಿರಿ. ನಾನು ಇದೊಂದನ್ನಾದ್ರೂ ನೆಮ್ಮದಿಯಾಗಿ ನೋಡ್ತೀನಿ."

ಅವರು ಜಗಳ ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಲಿಲ್ಲ. "ಹೋಗ್ಬಾಮ್ಮಾ" ಎಂದು ಮಫ್ಲರ್ ಸರಿಮಾಡಿಕೊಂಡರು. ಆ ಮೃದುವಾದ ಮಾತು ಒಳಗೆ ಹೋದಲ್ಲೆಲ್ಲ ನನ್ನ ಬೆನ್ನು ಹತ್ತಿತು. ಕೋಟೆಯಲ್ಲಿ ಏನು ನೋಡಿದೆನೋ ಈಗ ನೆನಪಿಲ್ಲ. ಬೇಗನೆ ಹೊರಗೆ ಬಂದೆ. ಬೆಂಚು ಖಾಲಿ!

ಬಸ್ಸು ಹೊರಡಲು ಇಪ್ಪತ್ತು ನಿಮಿಷ. ಮಾಮುವಿಗೆ ಇಂಗ್ಲಿಷಿನಲ್ಲಿ ಬರುವುದು ಮೂರೇ ಮಾತು: ಪ್ಲಾಸ್ಟರಿಂಗ್, ಔಟು, ಥ್ಯಾಂಕ್ಯೂ. ಎದುರಿಗೆ ಅಷ್ಟು ದೊಡ್ಡ ಸರೋವರ. ದಡದುದ್ದಕ್ಕೂ ಕೂಗುತ್ತಾ ಓಡಿದೆ. ಕೊನೆಗೆ ಕೋಟೆಯ ಹಿಂಬದಿಯಲ್ಲಿ, ಕಬ್ಬಿಣದ ಸಾರುವೆ ಕಟ್ಟಿದ್ದ ಕಡೆ, ಆ ಮಫ್ಲರ್ ಕಾಣಿಸಿತು.

ಮಾಮು ಒಂದು ಬಕೀಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು, ಆ ಮಂಡಿ ನೋವಿನಲ್ಲೂ! ಎದುರಿಗೆ ನಲವತ್ತು ದಾಟಿದ ಒಬ್ಬ ಹೆಂಗಸು. ತಲೆಗೆ ಹೆಲ್ಮೆಟ್ಟು, ಕೈಯಲ್ಲಿ ಗಾರೆ ಬಳಿಯುವ ಕರಣೆ. ಅಲ್ಲಿಯ ಗಾರೆ ಮೇಸ್ತ್ರಿ ಅವಳೇ. ಬಕೀಟಿನಲ್ಲಿ ಕಲಸಿದ ಸುಣ್ಣ. ಮಾಮು ಅದನ್ನು ಎರಡು ಬೆರಳ ನಡುವೆ ಉಜ್ಜಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿಕೊಂಡಿದ್ದರು.

"ಬೇಟಿ, ಇದಕ್ಕೆ ಬೆಲ್ಲದ ನೀರು ಹಾಕಿಲ್ವಾ ಕೇಳು."

ಬೆಲ್ಲಕ್ಕೆ ಆ ಗಾಬರಿಯಲ್ಲಿ ಬೇರೆ ಪದ ಹೊಳೆಯದೆ ಸಕ್ಕರೆ ಎಂದೆ. ಆಕೆ ನಕ್ಕು, ತನ್ನ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ, ಎರಡು ಚಮಚ ಸಕ್ಕರೆ ಹಾಕಿ ಮಾಮುವಿನ ಕೈಗೆ ಕೊಟ್ಟಳು! ಮಾಮು ಅದನ್ನೂ ಸಂತೋಷವಾಗಿ ಕುಡಿದರು. ಆಮೇಲೆ ಗೋಡೆಯತ್ತ ಕೈ ತೋರಿಸಿ, ಏನು ಮಾಡುತ್ತಿದ್ದೀರಿ ಎಂದು ನನ್ನಿಂದ ಕೇಳಿಸಿದರು.

ಆಕೆ ಹೇಳಿದ್ದನ್ನು ನಾನು ಹಾಗೇ ಹೇಳಿದೆ. "ಹಿಂದಿನವರು ರಿಪೇರಿ ಅಂತ ಈ ಗೋಡೆಗೆ ಸಿಮೆಂಟು ಬಳಿದಿದ್ದಾರಂತೆ ಮಾಮು. ತೇವ ಹೊರಗೆ ಹೋಗೋಕೆ ಆಗದೆ ಕಲ್ಲು ಒಳಗೇ ಕೊಳೀತಿದೆಯಂತೆ. ಇವರು ಅದನ್ನೆಲ್ಲ ಕೆತ್ತಿ ತೆಗೆದು, ಮತ್ತೆ ಸುಣ್ಣ ತುಂಬ್ತಾ ಇದ್ದಾರಂತೆ."

ಮಾಮುವಿನ ಮುಖ ಇಳಿದುಹೋಯಿತು. ಆಕೆ ಕರಣೆಯನ್ನು ಅವರತ್ತ ಚಾಚಿ, ಒಂದು ಸಂದು ತುಂಬಿ ನೋಡಿ ಎಂಬಂತೆ ಸನ್ನೆ ಮಾಡಿದಳು. ಹತ್ತು ದಿನದಿಂದ ಒಂದು ಗೋಡೆಯನ್ನೂ ಬಿಡದೆ ಮುಟ್ಟಿದ ಮನುಷ್ಯ ಕೈ ಹಿಂದೆ ಕಟ್ಟಿಕೊಂಡು "ಬೇಡ" ಎಂದರು.

ಬಸ್ಸಿನಲ್ಲಿ ಅವರೇ ಮಾತು ತೆಗೆದರು.

"ಆವತಿ ಊರಿನ ಗೌಡರ ಮನೆ ಮುಂಗೋಡೆ ನಮ್ಮ ಅಬ್ಬ, ನಿನ್ನ ತಾತ, ಮಾಡಿದ್ದು. ಗಾರೆ ಅಂದ್ರೆ ಮುಖ ಕಾಣೋದು, ಹಾಗಿತ್ತು. ನಲವತ್ತು ವರ್ಷದ ಹಿಂದೆ ಗೌಡರು ಅದಕ್ಕೆ ಸಿಮೆಂಟು ಹಾಕು ಅಂದ್ರು. ಆಗ ಸಿಮೆಂಟು ಅಂದ್ರೆ ಎಲ್ಲರಿಗೂ ಹುಚ್ಚು. ನನಗೂ. ಅಬ್ಬ 'ಗೋಡೆ ಉಸಿರು ಕಟ್ಟುತ್ತೆ ಕಣೋ' ಅಂದ್ರು. ನಾನು ಕೇಳಲಿಲ್ಲ. ಸಿಮೆಂಟು ಹಿಡೀಲಿ ಅಂತ ಅಬ್ಬನ ಗಾರೆ ಮೇಲೆಲ್ಲ ಉಳಿಯಿಂದ ಕಚ್ಚು ಹೊಡೆದೆ. ಅವರು ಎದುರಿಗೇ ಕಲ್ಲುಚಪ್ಪಡಿ ನಡುವೆ ಕೂತು ನೋಡ್ತಿದ್ರು. ಅವತ್ತಿಂದ ಅವರು ಕರಣೆ ಹಿಡೀಲೇ ಇಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಬೆರಳ ತುದಿಯಲ್ಲಿ ಇನ್ನೂ ಸುಣ್ಣ ಅಂಟಿತ್ತು.

ಊರಿಗೆ ಬಂದ ವಾರಕ್ಕೇ ಮಾಮು ನನ್ನನ್ನು ಆವತಿಗೆ ಕರೆದುಕೊಂಡು ಹೋದರು. ಗೌಡರು ಈಗಿಲ್ಲ, ಅವರ ಸೊಸೆ, ವಯಸ್ಸಾದಾಕೆ, ಬಾಗಿಲಿಗೆ ಬಂದರು.

"ಅಮ್ಮಾ, ಈ ಗೋಡೆ ಸಿಮೆಂಟು ತೆಗೀಬೇಕು" ಎಂದರು ಮಾಮು.

"ಅದ್ಯಾಕ್ ಮೇಸ್ತ್ರಿ? ನೀವೇ ಹಾಕಿದ್ದಲ್ವಾ?"

"ಅದಕ್ಕೇ ನಾನೇ ತೆಗೀಬೇಕು."

ಆಕೆ ಮಾಮುವನ್ನೂ ಗೋಡೆಯನ್ನೂ ನೋಡಿದರು. "ಕೆಳಗಡೆ ಆಗ್ಲೇ ಉದುರ್ತಾ ಐತೆ, ಮಾಡ್ಕೊಳಿ. ಧೂಳು ಮಾತ್ರ ನನ್ನ ಅಡುಗೆಮನೆಗೆ ಬರ್ಬಾರ್ದು" ಎಂದರು.

ಒಂದು ತಿಂಗಳು ಹಿಡಿಯಿತು. ದಿನಾ ಬೆಳಗಿನ ಬಸ್ಸಿಗೆ ಹೋಗಿ, ಮಂಡಿಗೆ ಬಟ್ಟೆ ಬಿಗಿದುಕೊಂಡು, ಒಂದಿಷ್ಟಿಷ್ಟೇ ಕೆತ್ತುತ್ತಿದ್ದರು. ಸಿಮೆಂಟಿನ ಕೆಳಗೆ ಅಬ್ಬನ ಗಾರೆ ಉಳಿದಿರಬಹುದು ಎಂಬ ಆಸೆ ಅವರಿಗಿತ್ತೆಂದು ಕಾಣುತ್ತದೆ. ಉಳಿದಿರಲಿಲ್ಲ. ಸಿಮೆಂಟಿಗೆ ಅಂಟಿಕೊಂಡು ಅದೂ ಚೂರುಚೂರಾಗಿ ಕಳಚಿ ಬಂತು. ಮಾಮು ಆ ಚೂರುಗಳನ್ನು ಆರಿಸಿ ಆರಿಸಿ ಒಂದು ಗೋಣಿಯ ಮೇಲೆ ಗುಡ್ಡೆ ಹಾಕಿದರು. ಆಮೇಲೆ ಅವನ್ನು ನುಣ್ಣಗೆ ಕುಟ್ಟಿ, ಸುಣ್ಣ, ಮರಳು, ಬೆಲ್ಲದ ನೀರಿನ ಜೊತೆ ಹೊಸ ಗಾರೆಗೆ ಬೆರೆಸಿಬಿಟ್ಟರು.

ಗೋಡೆ ಮುಗಿದ ಭಾನುವಾರ ನಾನೂ ಹೋಗಿದ್ದೆ. ಮಾಮು ನುಣುಪು ಕಲ್ಲಿನಿಂದ ಕೊನೆಯ ಸಲ ಉಜ್ಜಿ, ಕೈ ತೊಳೆದು, ಎದುರಿಗಿದ್ದ ಆ ಕಲ್ಲುಚಪ್ಪಡಿಯ ಒಂದು ತುದಿಯಲ್ಲಿ ಹೋಗಿ ಕೂತರು. ಸೂರ್ಯನ ಬೆಳಕು ಗೋಡೆಯ ಮೇಲೆ ಬಿದ್ದಿತ್ತು. ಗೌಡರ ಸೊಸೆ ಎರಡು ಲೋಟ ಮಜ್ಜಿಗೆ ತಂದುಕೊಟ್ಟು, ಅಂಗೈಯಿಂದ ಗೋಡೆ ಮುಟ್ಟಿ ನೋಡಿ, ಒಳಗೆ ಹೋದರು.

ನಾನು ಲೋಟ ಹಿಡಿದು ಮಾಮುವಿನ ಬಲಗಡೆ, ಚಪ್ಪಡಿಯ ನಡುವೆ ಕೂರಲು ಹೋದೆ. ಅವರು ಕೈ ಅಡ್ಡ ಹಿಡಿದರು.

"ಅಲ್ಲಿ ಬೇಡ ಬೇಟಿ. ಈ ಕಡೆ ಬಾ" ಎಂದು ತಾವೇ ಒಂದು ಚೂರು ಬಲಕ್ಕೆ ಸರಿದು, ಎಡಗಡೆ ನನಗೊಂದಿಷ್ಟು ಜಾಗ ಮಾಡಿಕೊಟ್ಟರು. ಬಲಗಡೆಯ ಜಾಗವನ್ನು ಖಾಲಿಯೇ ಬಿಟ್ಟುಕೊಂಡು, ಗೋಡೆ ನೋಡುತ್ತಾ ಕೂತರು.