ಆರನೇ ಪ್ರಶ್ನೆಗೆ ಅಭ್ಯರ್ಥಿಯ ಉತ್ತರ

ನನ್ನನ್ನು ನಾನು ಬಹಳ ಪ್ರಗತಿಪರ ಮನುಷ್ಯ ಎಂದು ತಿಳಿದುಕೊಂಡಿದ್ದೆ. ಹಾಗೆ ತಿಳಿದುಕೊಳ್ಳುವುದಕ್ಕೆ ಖರ್ಚೇನೂ ಇಲ್ಲ. ಪುರೋಹಿತರ ಮನೆಯಲ್ಲಿ ಹುಟ್ಟಿಯೂ ಬಲ್ಮಠದ ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು, ಸ್ತ್ರೀ ಸ್ವಾತಂತ್ರ್ಯದ ಬಗ್ಗೆ ಐದಾರು ಕಡೆ ಭಾಷಣ ಮಾಡಿ ಶಾಲು ಹೊದೆಸಿಕೊಂಡವನು. ಹಾಗಾಗಿ ಸಂಪ್ರದಾಯಸ್ಥರನ್ನು ಕಂಡರೆ ನನಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚು. ಚುನಾವಣೆಯ ಕರಪತ್ರ ಕೈಗೆ ಬಂದಾಗಲೆಲ್ಲ, ಈ ನಿಲುವುಗಳು ಎಲ್ಲಿ ಹುಟ್ಟುತ್ತವೆ ಎಂದು ಯೋಚಿಸುತ್ತಿದ್ದೆ. ಎಲ್ಲೋ ಒಂದು ದೊಡ್ಡ ಕೋಣೆಯಲ್ಲಿ ತಜ್ಞರು ಕೂತು, ಚರ್ಚಿಸಿ ಬರೆಯುತ್ತಾರೆ ಎಂದು ನನ್ನ ಅಂದಾಜು. ಕೆಲವು ನಿಲುವುಗಳು ಕದ್ರಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ, ನೀರುದೋಸೆಯ ತಟ್ಟೆಯ ಪಕ್ಕದಲ್ಲಿ ಹುಟ್ಟುತ್ತವೆ ಎಂದು ಗೊತ್ತಾದದ್ದು ಈ ಸಲದ ವಿಧಾನಸಭಾ ಚುನಾವಣೆಯಲ್ಲಿ.

ನಮ್ಮ ಬಡಾವಣೆಯ ನಿವಾಸಿಗಳ ಸಂಘದವರು ಎಲ್ಲ ಅಭ್ಯರ್ಥಿಗಳಿಗೂ ಆರು ಪ್ರಶ್ನೆ ಕಳಿಸಿ, ಕನ್ನಡದಲ್ಲೇ ಉತ್ತರ ಬರೆದು ಕೊಡಿ, ಅಚ್ಚು ಹಾಕಿಸಿ ಮನೆಮನೆಗೆ ಹಂಚುತ್ತೇವೆ ಎಂದಿದ್ದರು. ಅಭ್ಯರ್ಥಿಗಳಲ್ಲಿ ಒಬ್ಬರು ದಯಾಕರಣ್ಣ, ನಮ್ಮ ಹಿಂದಿನ ರಸ್ತೆಯವರು. ತಾನು ಹಳೇ ಕ್ರಮದವ ಎಂದು ತಾವೇ ಹೇಳಿಕೊಂಡು ಓಟು ಕೇಳುವವರು. ಮನೆಯಲ್ಲಿ ತುಳು, ವ್ಯಾಪಾರದಲ್ಲಿ ಇಂಗ್ಲಿಷ್. ಕನ್ನಡದಲ್ಲಿ ಭಾಷಣವನ್ನಾದರೂ ಮಾಡಿಯಾರು, ಬರೆಯಬೇಕೆಂದರೆ ಬೆವರುತ್ತಾರೆ. ನಮ್ಮ ಊರಿನ ಪದ್ಧತಿಯೇ ಹಾಗೆ. ಮಾತು ತುಳುವಿನಲ್ಲಿ, ಅಚ್ಚು ಕನ್ನಡದಲ್ಲಿ, ನಡುವೆ ನನ್ನಂಥ ಒಬ್ಬ ಮಾಷ್ಟ್ರು. ಜನ ಒಂದು ಮಾತು ಹೇಳುತ್ತಾರೆ, ನಾನು ಒಂದು ಪುಟ ಮಾಡುತ್ತೇನೆ. ನಾನು ಬರೆದುಕೊಟ್ಟ ಶ್ರದ್ಧಾಂಜಲಿ ಓದಿ, ಅಪ್ಪ ಇಷ್ಟು ಒಳ್ಳೆಯವರೆಂದು ಗೊತ್ತೇ ಇರಲಿಲ್ಲ ಎಂದು ತೀರಿಹೋದವರ ಮಗನೇ ಆಶ್ಚರ್ಯಪಟ್ಟದ್ದುಂಟು.

ದಯಾಕರಣ್ಣ ಬೆಳಿಗ್ಗೆ ಬಂದು ಕೂತರು. ನಾನು ಪೆನ್ನು ಹಿಡಿದು ಒಂದೊಂದಾಗಿ ಕೇಳುತ್ತ ಹೋದೆ. ತೆರಿಗೆ? ಸರಕಾರ ಜನರ ಜೇಬಿಗೆ ಕೈ ಹಾಕುವುದು ಕಡಿಮೆಯಾಗಬೇಕು. ದೇವಸ್ಥಾನ? ಭಕ್ತರೇ ನೋಡಿಕೊಳ್ಳಲಿ, ಸರಕಾರ ಬಂದು ಕೈಮುಗಿದು ಹೋಗಲಿ. ಬಾರು? ಶಾಲೆಯ ಹತ್ತಿರ ಬೇಡವೇ ಬೇಡ. ಹಿರಿಯರ ಆರೈಕೆ? ಮನೆಯಲ್ಲೇ ಆಗಬೇಕು, ಆದರೆ ಸೊಸೆ ಒಬ್ಬಳ ತಲೆಗೆ ಕಟ್ಟಬಾರದು. ಇದನ್ನು ಕೇಳಿ ಒಳಗಿಂದ ನನ್ನ ಹೆಂಡತಿ ಸುಮತಿ ಇನ್ನೊಂದು ದೋಸೆ ತಂದು ಬಡಿಸಿದಳು. ಶಿಕ್ಷಣ? ಮಾತೃಭಾಷೆಯಲ್ಲೇ. ಮೊಮ್ಮಗ ಯಾವ ಶಾಲೆಗೆ ಹೋಗುತ್ತಾನೆ ಎಂದು ವಿಚಾರಿಸಿದೆ. ಅವರು ದೋಸೆಯ ಕಡೆ ನೋಡುತ್ತ, ಅದನ್ನು ಬರೆಯುವುದು ಬೇಡ ಎಂದರು. ಆರನೆಯದು ಮಹಿಳೆಯರ ಉದ್ಯೋಗ ಮತ್ತು ಸುರಕ್ಷತೆ. ಅಷ್ಟರಲ್ಲಿ ಫೋನ್ ಬಂತು, ಎಲ್ಲೋ ಸಭೆಗೆ ಜನ ಕಾಯುತ್ತಿದ್ದರಂತೆ. ಅದೊಂದನ್ನು ನೀವೇ ಬರೆದುಬಿಡಿ ಮಾಷ್ಟ್ರೇ, ನಿಮಗೂ ಮಗಳು ಉಂಟಲ್ಲ ಎಂದು, ಕೆಳಗೆ ಮುಂಚಿತವಾಗಿಯೇ ಸಹಿ ಹಾಕಿ ಹೊರಟುಹೋದರು.

ಮಗಳು ಉಂಟು. ಆಗ ಮನೆಯಲ್ಲಿ ಇದ್ದ ತಕರಾರೂ ಅದೇ. ಅನುಷಾಳಿಗೆ ಪಣಂಬೂರಿನಲ್ಲಿ, ಹಡಗಿನ ಸರಕು ನೋಡಿಕೊಳ್ಳುವ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದಿಂದ ರಾತ್ರಿ ಹತ್ತರವರೆಗೆ. “ನೀವು ಬೇಡ ಹೇಳಿದ್ರೂ ನಾನು ಹೋಗ್ತೇನೆ ಅಪ್ಪ. ಆದ್ರೆ ನೀವು ಹೂಂ ಹೇಳಿ ಹೋಗುವುದೇ ಬೇರೆ” ಎಂದಿದ್ದಳು. ಬೇಡ ಎನ್ನಲು ಕಪಾಟಿನಲ್ಲಿದ್ದ ಶಾಲುಗಳು ಬಿಡಲಿಲ್ಲ, ಹೂಂ ಎನ್ನಲು ಬಾಯಿ ಬರಲಿಲ್ಲ. ನೋಡುವ ಎಂದೆ. ಹತ್ತು ದಿನದಿಂದ ನೋಡುತ್ತಲೇ ಇದ್ದೆ.

ಹೀಗಿರುವಾಗ ದಯಾಕರಣ್ಣನ ಹೆಸರಿನಲ್ಲಿ ಕೂತೆ ನೋಡಿ, ಪೆನ್ನು ನಿಲ್ಲಲೇ ಇಲ್ಲ. ಹೆಣ್ಣುಮಕ್ಕಳು ಸೂರ್ಯಾಸ್ತದೊಳಗೆ ಮನೆ ಸೇರುವಂತಾಗುವುದೇ ನಿಜವಾದ ಸುರಕ್ಷತೆ, ರಾತ್ರಿ ಪಾಳಿ ಈ ಮಣ್ಣಿನ ಸಂಪ್ರದಾಯಕ್ಕೆ ಹೊಂದುವಂಥದ್ದಲ್ಲ ಎಂದು ಬರೆದೆ. ಹಳೇ ಕ್ರಮದವರು ಇನ್ನೇನು ಹೇಳಿಯಾರು? ಉಳಿದ ಐದು ಉತ್ತರಗಳನ್ನು ಒಂದೇ ಸಲಕ್ಕೆ ಮುಗಿಸಿದವನು ಇದೊಂದನ್ನು ಮೂರು ಸಲ ತಿದ್ದಿದೆ. ಏಕೆ ಎಂದು ಆಗ ಹೊಳೆಯಲಿಲ್ಲ.

ಭಾನುವಾರ ಸಂಜೆ ಸಂಘದ ಸಭಾಂಗಣದಲ್ಲಿ ಅಭ್ಯರ್ಥಿಗಳ ಜೊತೆ ಮುಖಾಮುಖಿ. ಮರುದಿನವೇ ಅನುಷಾ ಕೆಲಸಕ್ಕೆ ಸೇರಬೇಕಿತ್ತು. ಅವಳು ಅಚ್ಚಾದ ಹಾಳೆ ಹಿಡಿದು ಎದ್ದು ನಿಂತಳು. ತನಗೆ ಪಣಂಬೂರಿನಲ್ಲಿ ಕೆಲಸ ಸಿಕ್ಕಿದೆ, ಈ ಉತ್ತರದ ಪ್ರಕಾರ ತಾನು ಹೋಗಬಹುದೋ ಬಾರದೋ ಎಂದು ಕೇಳಿದಳು. ದಯಾಕರಣ್ಣ ಕನ್ನಡಕ ಹಾಕಿ ತಮ್ಮದೇ ನಿಲುವನ್ನು ಮೊದಲ ಬಾರಿಗೆ ಓದಿದರು. ಓದಿ ಸಭೆಯಲ್ಲಿ ನನ್ನನ್ನು ಹುಡುಕಿದರು. ನಾನು ಫ್ಯಾನ್ ನೋಡುತ್ತಿದ್ದೆ.

“ಮಗಾ, ನನ್ನ ಅಮ್ಮ ಬೆಳಗ್ಗೆ ಮೂರು ಗಂಟೆಗೆ ಬುಟ್ಟಿ ಹಿಡ್ಕೊಂಡು ದೋಣಿ ಬರುವ ದಕ್ಕೆಗೆ ಹೋಗಿ ಮೀನು ತರ್ತಿದ್ದರು. ಅಜ್ಜಿಯೂ ಹಾಗೆಯೇ” ಎಂದರು. “ನಮ್ಮ ಸಂಪ್ರದಾಯ ಅದು. ನೀನು ಧೈರ್ಯದಲ್ಲಿ ಹೋಗು. ದಾರಿಗೆ ಲೈಟು, ಹೊತ್ತಿಗೆ ಸರಿಯಾಗಿ ಬಸ್ಸು, ಅದನ್ನು ನನ್ನ ಹತ್ರ ಕೇಳು.”

ಹಾಗಾದರೆ ಇಲ್ಲಿ ಬರೆದದ್ದು ಎಂತ ಎಂದು ಹಿಂದಿನಿಂದ ಯಾರೋ ಕೇಳಿದರು. ಪ್ರೆಸ್ಸಿನವರದ್ದು ಏನೋ ಮಿಸ್ಟೇಕ್ ಆಗಿದೆ ಎಂದು ಅವರು ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು. ನನ್ನ ಹೆಸರು ಎತ್ತಲಿಲ್ಲ. ಅವರು ಎತ್ತಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅನುಷಾ ಮುಂದೆ ನಡೆಯುತ್ತಿದ್ದಳು. ನಾನು ಬರೆಯುವಾಗ ಎರಡು ಸಲ ಕಾಫಿ ತಂದುಕೊಟ್ಟಿದ್ದ ಸುಮತಿ ಮೆಲ್ಲಗೆ, “ಮಗಳ ಹತ್ರ ಹದಿನೈದು ದಿನದಿಂದ ಹೇಳ್ಲಿಕ್ಕೆ ಆಗದ್ದನ್ನು ಇಡೀ ಕದ್ರಿಗೆ ಹಂಚಿದಿರಲ್ಲ ಮಾರಾಯ್ರೆ” ಎಂದಳು. ನಾನು ಹೆಜ್ಜೆ ಬೀಸಿ ಹೋಗಿ ಮಗಳಿಗೆ ಎಲ್ಲವನ್ನೂ ಒಪ್ಪಿಸಿದೆ, ಹೂಂ ಎಂದೂ ಹೇಳಿದೆ. ಓದುವಾಗಲೇ ಸಂಶಯ ಬಂದಿತ್ತು ಅಪ್ಪ ಎಂದು ಅವಳು ನಕ್ಕಳು. ಅಷ್ಟು ಹಳೇ ಕ್ರಮದವರು ಈ ರಸ್ತೆಯಲ್ಲಿ ಒಬ್ಬರೇ ಇರುವುದಂತೆ.

ಮತದಾನದ ದಿನ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದಾಗ, ಯಾರಿಗೆ ಹಾಕಿದಿರಿ ಎಂದು ಅವಳು ಕೇಳಿದಳು. ಅದನ್ನೆಲ್ಲ ಹೇಳಬಾರದು ಎಂದೆ. ಆರನೇ ಪ್ರಶ್ನೆಗೆ ಉತ್ತರ ಬರೆದವನಿಗೆ ಹಾಕಲಿಲ್ಲ ಎಂಬುದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಅವನು ಚುನಾವಣೆಗೆ ನಿಂತಿರಲಿಲ್ಲ, ನಮ್ಮ ಮನೆಯಲ್ಲೇ ಶಾಲು ಹೊದ್ದುಕೊಂಡು ಕೂತಿದ್ದ.